ಚಹಾ ಕೊಡಲು ಬಂದವರು

ಮನಸ್ಸು ಕುಸಿದವರ ಮಾತು ಕೇಳುವ ಸಹಾಯವಾಣಿಗಳು ದೇಣಿಗೆ ಎತ್ತುವಾಗ ಸ್ವಯಂಸೇವಕರನ್ನು ಉಳಿತಾಯದ ಬಾಬ್ತಾಗಿ ತೋರಿಸುವುದುಂಟು: ಇವರಿಗೆ ಸಂಬಳವಿಲ್ಲ, ನಿಮ್ಮ ಹಣ ಪೋಲಾಗುವುದಿಲ್ಲ. ಈ ಸೇವೆ ಬೆಳೆದ ಬಗೆ ನೋಡಿದರೆ ಆ ಲೆಕ್ಕವೇ ತಲೆಕೆಳಗು ಎನಿಸುತ್ತದೆ. 1953ರ ನವೆಂಬರ್ 2ರಂದು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಪಾದ್ರಿ ಚಾಡ್ ವಾರಾ ಈ ಕೆಲಸ ಆರಂಭಿಸಿದಾಗ, ಕೇಳುವವರೂ ಸಲಹೆ ಕೊಡುವವರೂ ತಾವೇ ಎಂದುಕೊಂಡಿದ್ದರು. ಮೈನೆರೆದದ್ದನ್ನು ಗುಹ್ಯರೋಗವೆಂದು ಹೆದರಿ ಜೀವ ಕಳೆದುಕೊಂಡ ಹುಡುಗಿಯೊಬ್ಬಳ ಅಂತ್ಯಕ್ರಿಯೆಯನ್ನು 1935ರಲ್ಲಿ ನಡೆಸಿದ ಮೇಲೆ ಅವರನ್ನು ಆ ವಿಚಾರ ಬಿಟ್ಟಿರಲಿಲ್ಲ. ಕಚೇರಿಗಳೇ ತುಂಬಿ ನಿವಾಸಿಗಳು ವಿರಳವಾಗಿದ್ದ ಆ ವಠಾರದಲ್ಲಿ ಪಾದ್ರಿಗೆ ಬಿಡುವಿತ್ತು. ಬಂಡವಾಳವೆಂದರೆ ಚರ್ಚಿನ ಜಾಗ, ಒಂದು ಟೆಲಿಫೋನು. ಅವರ ಮೇಲುಸಂಪಾದನೆ ‘ಈಗಲ್’ ಎಂಬ ಮಕ್ಕಳ ಚಿತ್ರಪತ್ರಿಕೆಗೆ ಬರೆಯುವುದರಿಂದ ಬರುತ್ತಿತ್ತು!

ಪತ್ರಿಕೆಗಳಲ್ಲಿ ಸುದ್ದಿಯಾದದ್ದೇ ತಡ, ನೊಂದವರ ಜೊತೆಗೆ ನೆರವಾಗುತ್ತೇವೆ ಎನ್ನುವವರೂ ಬಂದರು. ಅವರಿಗೆ ಕೊಟ್ಟ ಕೆಲಸ ಸರದಿಗಾಗಿ ಕಾದವರಿಗೆ ಚಹಾ ಕೊಟ್ಟು ಜೊತೆಯಲ್ಲಿ ಕೂರುವುದು, ಅಷ್ಟೇ. ಆದರೆ ಹಾಗೆ ಕೂತವರ ಬಳಿ ಮನಸ್ಸು ಬಿಚ್ಚಿದ ಎಷ್ಟೋ ಮಂದಿ ಪಾದ್ರಿಯನ್ನು ಕಾಣದೆಯೇ ಹಗುರಾಗಿ ಹೊರಟುಹೋಗುತ್ತಿದ್ದರು. ವಾರಾ ಅವರ ದೊಡ್ಡತನವಿರುವುದು ಇದನ್ನು ಗಮನಿಸಿ ತಾವು ಹಿಂದೆ ಸರಿದದ್ದರಲ್ಲಿ. 1954ರ ಫೆಬ್ರುವರಿಯಲ್ಲಿ ಆಲಿಸುವ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ‘ಸಮಾರಿಟನ್ಸ್’ ಸಂಸ್ಥೆ ನಿಜವಾಗಿ ಹುಟ್ಟಿದ್ದು ಆಗ. ತಜ್ಞರಿಗೆ ಸಂಬಳ ಕೊಡಲಾಗದೆ ಸಾಮಾನ್ಯರನ್ನು ಕೂರಿಸಿದ್ದಲ್ಲ. ಸಾಮಾನ್ಯರ ಎದುರು ಬಾಯಿ ಬಿಡುವುದು ಸುಲಭ ಎಂದು ಕಂಡುಕೊಂಡದ್ದು.

ಇಂಥ ಸೇವೆಗೆ ಹಣ ಕೂಡಿಸುವ ಕಷ್ಟದ ಬೇರು ಬೇರೆಡೆ ಇದೆ. ಇಂಗ್ಲೆಂಡಿನಲ್ಲಿ 1961ರವರೆಗೂ ಆತ್ಮಹತ್ಯೆಯ ಯತ್ನ ಅಪರಾಧವಾಗಿತ್ತು. ಗುಟ್ಟು ಕಾಯದಿದ್ದರೆ ಕರೆ ಮಾಡುವ ಧೈರ್ಯ ಯಾರಿಗೆ ಬಂದೀತು? ಅನ್ನದಾನಕ್ಕೆ ಕೊಟ್ಟವನಿಗೆ ಉಣ್ಣುವ ಪಂಕ್ತಿಯಾದರೂ ಕಾಣುತ್ತದೆ. ಇಲ್ಲಿ ದಾನಿಗೆ ತೋರಿಸಲು ಮುಖವಿಲ್ಲ, ಹೆಸರಿಲ್ಲ, ಹೇಳಬಹುದಾದ ಕತೆಯೂ ಇಲ್ಲ. ಹಾಗಾಗಿ ಊರೂರಿನ ಶಾಖೆಗಳು ತಮ್ಮ ಖರ್ಚಿನ ಹಣವನ್ನು ಬಹುಮಟ್ಟಿಗೆ ತಾವೇ ಹೊಂದಿಸಿಕೊಳ್ಳಬೇಕಾಯಿತು. ದಾನಿ ನಂಬಬೇಕಾದದ್ದು ನೆರವು ಪಡೆದವರ ಮಾತನ್ನಲ್ಲ, ತನ್ನೂರಿನಲ್ಲೇ ಪಾಳಿಗೆ ಹೋಗಿಬರುವ ಪರಿಚಿತರನ್ನು.

ಪರಿಚಿತರ ಮೇಲಿನ ನಂಬಿಕೆ ಸಾಕೇ, ಉಳಿದ ಜೀವಗಳ ಲೆಕ್ಕ ಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದೇ. 1963ರ ನಂತರ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗಳು ಇಳಿದಾಗ ಅದರ ಶ್ರೇಯಸ್ಸನ್ನು ಸಮಾರಿಟನ್ಸ್‌ಗೆ ಕೊಟ್ಟವರಿದ್ದರು. 1976ರಲ್ಲಿ ಸಂಶೋಧಕ ನಾರ್ಮನ್ ಕ್ರೀಟ್‌ಮನ್ ಅದಕ್ಕೆ ಬೇರೆ ಕಾರಣ ತೋರಿಸಿದರು: ಮನೆಗಳಿಗೆ ಸರಬರಾಜಾಗುತ್ತಿದ್ದ ಅನಿಲದಲ್ಲಿ ವಿಷದ ಅಂಶ ಕಡಿಮೆಯಾದದ್ದು. ನನ್ನ ದೃಷ್ಟಿಯಲ್ಲಿ ಇದು ಸಹಾಯವಾಣಿಗೆ ಆದ ಸೋಲಲ್ಲ, ದೇಣಿಗೆ ಪತ್ರಗಳಿಗೆ ಸಿಕ್ಕ ಎಚ್ಚರಿಕೆ. ದೇಶದ ಅಂಕಿ-ಅಂಶವನ್ನು ತಮ್ಮ ಖಾತೆಗೆ ಜಮಾ ಮಾಡಿಕೊಂಡು ಹಣ ಕೇಳಿದರೆ, ಆ ಅಂಕಿ ಜಾರಿದ ದಿನ ನಂಬಿಕೆಯೂ ಜಾರುತ್ತದೆ. ಮಧ್ಯರಾತ್ರಿ ಒಬ್ಬರ ಕರೆಯನ್ನು ಇನ್ನೊಬ್ಬರು ಎತ್ತಿದರು ಎಂಬುದು ಚಿಕ್ಕ ಮಾತು, ಆದರೆ ಅಲ್ಲಗಳೆಯಲಾಗದ್ದು.

ಇನ್ನೊಂದು ಆಕ್ಷೇಪ ನಮ್ಮದೇ ಅಂಗಳದ್ದು. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ದೊರೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನದಲ್ಲಿದೆ. ಸರ್ಕಾರವೇ ತರಬೇತಾದ ಸಲಹೆಗಾರರನ್ನು ಇಟ್ಟಿರುವಾಗ ಬಿಟ್ಟಿ ಸೇವಕರೇಕೆ? ಚಿಕಿತ್ಸೆ ಬೇಕಾದವರನ್ನು ವೈದ್ಯರತ್ತ ಸಾಗಿಸಲು ಆ ವ್ಯವಸ್ಥೆ ಬೇಕೇ ಬೇಕು. ಆದರೆ ಕರೆ ಮಾಡುವ ಎಲ್ಲರೂ ರೋಗಿಗಳಲ್ಲ. 1986ರಲ್ಲಿ ಚೆನ್ನೈನಲ್ಲಿ ಶುರುವಾದ ‘ಸ್ನೇಹಾ’ ಸಂಸ್ಥೆ ಸ್ವಯಂಸೇವಕರ ಮೇಲೆಯೇ ನಿಂತಿರುವುದು ಅದಕ್ಕೇ. ಅಲ್ಲದೆ ‘ಬಿಟ್ಟಿ’ ಎಂಬುದೂ ಸರಿಯಲ್ಲ. ಬಂದವರಲ್ಲಿ ತಕ್ಕವರನ್ನು ಆರಿಸಬೇಕು, ಕಲಿಸಬೇಕು. ಭಾರವಾದ ಕರೆ ಮುಗಿಸಿದವರು ಮನೆಗೆ ಹೋಗುವ ಮುನ್ನ ಅವರ ಮಾತು ಕೇಳಲು ಹಿರಿಯರೊಬ್ಬರು ಇರಬೇಕು. ದೇಣಿಗೆಯ ಹಣ ಮೊದಲು ಸೇರಬೇಕಾದದ್ದು ಅಲ್ಲಿಗೆ. ದಾನಿಗಳಿಗೆ ಕಳಿಸುವ ಪತ್ರದಲ್ಲಿ ಇದನ್ನು ಮುಚ್ಚಿಡುವ ಅಗತ್ಯವಿಲ್ಲ.