ಎರಡು ಗ್ರಾಫಿಕ್ಸ್, ಒಂದೇ ಬ್ಯಾಟರಿ



ಮಕ್ಕಳು ಕಾಲೇಜು ಸೇರುವ ಸಮಯ ಬಂತೆಂದರೆ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಚರ್ಚೆ ಶುರು. "ಗ್ರಾಫಿಕ್ಸ್ ಕಾರ್ಡ್ ಇರುವುದೇ ಬೇಕು" ಎನ್ನುತ್ತಾನೆ ಮಗ. "ಕರೆಂಟ್ ಹೋದರೆ ಎಷ್ಟು ಹೊತ್ತು ಬರುತ್ತದೆ?" ಎಂದು ಕೇಳುತ್ತಾರೆ ಅಪ್ಪ. ಈ ಎರಡು ಮಾತುಗಳ ನಡುವಿನ ಜಗಳಕ್ಕೆ ಸುಮಾರು 20 ವರ್ಷಗಳ ಇತಿಹಾಸವಿದೆ.

ಲೆಕ್ಕ ಸುಲಭ. ಬ್ಯಾಟರಿ 50 ವ್ಯಾಟ್-ಅವರ್‌ನದು ಎಂದುಕೊಳ್ಳೋಣ. ಯಂತ್ರ 10 ವ್ಯಾಟ್ ಬಳಸಿದರೆ 5 ಗಂಟೆ ಬರುತ್ತದೆ, 25 ವ್ಯಾಟ್ ಬಳಸಿದರೆ 2 ಗಂಟೆ. ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್‌ಗೆ ಸ್ವಲ್ಪ ವಿದ್ಯುತ್ ಸಾಕು. ಪ್ರತ್ಯೇಕ ಕಾರ್ಡಿಗೆ ಬೇರೆ ಚಿಪ್, ಬೇರೆ ಮೆಮೊರಿ. ಕೆಲಸವಿಲ್ಲದಿದ್ದರೂ ಎಚ್ಚರವಿರುವಷ್ಟು ಹೊತ್ತು ಅದು ತಿನ್ನುತ್ತಲೇ ಇರುತ್ತದೆ.

2006ರಲ್ಲಿ ಸೋನಿ ತನ್ನ ವಾಯೋ ಎಸ್‌ಝಡ್ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಇಟ್ಟು, ಕೀಬೋರ್ಡಿನ ಮೇಲ್ಭಾಗದಲ್ಲಿ ಒಂದು ಸ್ವಿಚ್ ಕೊಟ್ಟಿತು. ಒಂದು ಕಡೆ 'ಸ್ಟ್ಯಾಮಿನಾ', ಇನ್ನೊಂದು ಕಡೆ 'ಸ್ಪೀಡ್'. ಫ್ಯಾನಿನ ರೆಗ್ಯುಲೇಟರ್‌ನಷ್ಟೇ ಸರಳ! ಆದರೆ ಸ್ವಿಚ್ ಬದಲಿಸಿದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕಿತ್ತು. 2008ರ ಮ್ಯಾಕ್‌ಬುಕ್ ಪ್ರೊನಲ್ಲಿ ರೀಸ್ಟಾರ್ಟ್ ಬೇಡ, ಲಾಗ್‌ಔಟ್ ಸಾಕಾಯಿತು. ಚಿಕ್ಕ ಗ್ರಾಫಿಕ್ಸ್‌ನಲ್ಲಿ 5 ಗಂಟೆ, ದೊಡ್ಡದರಲ್ಲಿ 4 ಗಂಟೆ ಎಂದು ಆ್ಯಪಲ್ ಆಗ ಹೇಳಿತ್ತು. ಆ ಒಂದು ಗಂಟೆಗಾಗಿ ತೆರೆದಿಟ್ಟ ಕೆಲಸವನ್ನೆಲ್ಲ ಮುಚ್ಚುವ ತಾಳ್ಮೆ ಎಷ್ಟು ಜನಕ್ಕಿರುತ್ತದೆ? ನಮಗಂತೂ ಇಲ್ಲ.

ಆ ತೊಂದರೆ ತಪ್ಪಿಸಲು ಎನ್‌ವಿಡಿಯಾ 2010ರ ಫೆಬ್ರವರಿಯಲ್ಲಿ 'ಆಪ್ಟಿಮಸ್' ತಂತ್ರವನ್ನು ತಂದಿತು. ಪರದೆಯ ತಂತಿ ಯಾವಾಗಲೂ ಚಿಕ್ಕ ಗ್ರಾಫಿಕ್ಸ್‌ಗೇ ಸೇರಿರುತ್ತದೆ. ಆಟ ಶುರುವಾದಾಗ ಮಾತ್ರ ದೊಡ್ಡ ಕಾರ್ಡ್ ಎದ್ದು ಚಿತ್ರ ಬಿಡಿಸಿ, ಅದನ್ನು ಚಿಕ್ಕದರ ಕೈಗೆ ದಾಟಿಸುತ್ತದೆ. ಆಟ ಮುಗಿದರೆ ಮತ್ತೆ ನಿದ್ದೆ. ಬಳಸುವವರಿಗೆ ಇದೇನೂ ಗೊತ್ತಾಗುವುದಿಲ್ಲ.

ವಿಂಡೋಸ್‌ನವರಿಗೆ ಸರಿಹೋಯಿತು, ಲಿನಕ್ಸ್ ಬಳಸುವವರು ಕಷ್ಟಕ್ಕೆ ಬಿದ್ದರು. ಸರಿಯಾದ ಡ್ರೈವರ್ ಇಲ್ಲದೆ ದೊಡ್ಡ ಕಾರ್ಡ್ ಸುಮ್ಮನೆ ಉರಿಯುತ್ತ, ಬ್ಯಾಟರಿ ಖಾಲಿಯಾಗುತ್ತಿತ್ತು. ಸ್ವಯಂಸೇವಕರು 2011ರಲ್ಲಿ 'ಬಂಬಲ್‌ಬೀ' ಎಂಬ ಪರಿಹಾರ ಕಟ್ಟಿದರು. 2012ರ ಜೂನ್‌ನಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರು ಇದೇ ತೊಂದರೆಯನ್ನು ಲಿನಸ್ ಟೊರ್ವಾಲ್ಡ್ಸ್ ಮುಂದೆ ಹೇಳಿಕೊಂಡಾಗ, ಅವರು ಕ್ಯಾಮೆರಾ ಕಡೆಗೆ ಬೆರಳೆತ್ತಿ ಎನ್‌ವಿಡಿಯಾವನ್ನು ಬೈದೇಬಿಟ್ಟರು. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ, ಬಿಡಿ.

2020ರಲ್ಲಿ ಆ್ಯಪಲ್ ಎಂ1 ಚಿಪ್ ತಂದು, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಂದೇ ಮೆಮೊರಿ ಹಂಚಿಕೊಳ್ಳುವಂತೆ ಕೂಡಿಸಿತು. ಮ್ಯಾಕ್‌ಬುಕ್ ಏರ್‌ನಲ್ಲಿ 18 ಗಂಟೆ ವಿಡಿಯೊ ನೋಡಬಹುದು ಎಂದು ಹೇಳಿಕೊಂಡಿತು. ಆದರೂ ಭಾರೀ ಆಟ ಆಡುವವರು, ಕಟ್ಟಡದ ನಕ್ಷೆ ಬಿಡಿಸುವವರು ಇಂದಿಗೂ ಪ್ರತ್ಯೇಕ ಕಾರ್ಡನ್ನೇ ಹುಡುಕುತ್ತಾರೆ. ಅವರಿಗೆ ಅದು ಬೇಕೇ ಬೇಕು. ನೋಟ್ಸ್ ಬರೆಯಲು, ಆನ್‌ಲೈನ್ ತರಗತಿಗೆ, ಅಕೌಂಟ್ಸ್ ಕಲಿಯಲು ಬೇಡ. ಅಪ್ಪನ ದುಡ್ಡೂ ಉಳಿಯುತ್ತದೆ.

ಈಗಾಗಲೇ ಕೊಂಡಿದ್ದರೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರಲ್ಲಿ ಗ್ರಾಫಿಕ್ಸ್ ತೆರೆಯಿರಿ. ಯಾವ ಆ್ಯಪ್‌ಗೆ ಯಾವ ಕಾರ್ಡ್ ಎಂದು ಅಲ್ಲಿ ಆರಿಸಬಹುದು. ನಾವು ಯುವ ಸಂಘದ ಹಳೇ ಲ್ಯಾಪ್‌ಟಾಪನ್ನು ತೆರೆದು ನೋಡಿದೆವು. ಹಾಡಿನ ಸಾಲುಗಳನ್ನು ಪರದೆಗೆ ಹಾಕುವ ಆ್ಯಪ್‌ಗೆ ಯಾರೋ 'ಹೈ ಪರ್ಫಾರ್ಮೆನ್ಸ್' ಕೊಟ್ಟಿದ್ದರು!