ಜೀವಕೋಶದ ನಡುಗೋಡೆ ಮತ್ತು ಒಂದು ಕಳೆ ಔಷಧಿ

ಮುಳಬಾಗಿಲು ಕಡೆಯ ಗೊಬ್ಬರದ ಅಂಗಡಿಯೊಂದರಲ್ಲಿ ಕೇಳಿದೆ: 'ಅಣ್ಣ, ಈ ಔಷಧಿ ಕಳೆಯನ್ನ ಹೆಂಗೆ ಸಾಯಿಸುತ್ತೆ?' 'ಮೊಳಕೆಯಲ್ಲೇ ಸುಟ್ಟಾಕುತ್ತೆ ಬಿಡಿ' ಅಂದರು. ಸುಡೋದಿಲ್ಲ. ಡಬ್ಬಿ ಮೇಲಿದ್ದ ಹೆಸರು ಪೆಂಡಿಮೆಥಾಲಿನ್. ಅದು ತಡೆಯೋದು ಜೀವಕೋಶ ಎರಡಾಗೋದನ್ನ.

ಕೋಶ ವಿಭಜನೆ ಅಂದರೆ ವರ್ಣತಂತುಗಳ ಹಂಚಿಕೆ ಅಂತ ಪಿಯುಸಿಯಲ್ಲಿ ಉರು ಹೊಡೆದು ಇಂಜಿನಿಯರಿಂಗ್‌ಗೆ ಹೋದವನು ನಾನು. ಆದರೆ ಆಸ್ತಿ ಪಾಲಾದರೆ ಸಾಕೇ, ಮಧ್ಯೆ ಗೋಡೆ ಏಳಬೇಡವೇ? ಮಾಲೂರಿನ ಇಟ್ಟಿಗೆ ತಂದು ಕಟ್ಟುವ ಮೇಸ್ತ್ರಿ ಇರೋ ಗೋಡೆಗೆ ಅಂಟಿಸಿ ಶುರು ಮಾಡ್ತಾನೆ. ಸಸ್ಯಕೋಶ ಉಲ್ಟಾ: ನಟ್ಟನಡುವೆ ಶುರು ಮಾಡಿ ಅಂಚಿನ ಕಡೆಗೆ ಕಟ್ಟುತ್ತೆ.

ಇಟ್ಟಿಗೆ ಹೊರೋದು ವೆಸಿಕಲ್‌ಗಳು, ಅಂದರೆ ಪೊರೆಯಿಂದಲೇ ಆದ ಸಣ್ಣ ಚೀಲಗಳು. ಗಾಲ್ಜಿ ಎಂಬ ಕೋಶಾಂಗದಿಂದ ಹೊರಟು, ಮೈಕ್ರೋಟ್ಯೂಬ್ಯೂಲ್ ಎಂಬ ಎಳೆಗಳ ಹಳಿ ಹಿಡಿದು ನಡುವಿಗೆ ಬಂದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಳಗಿದ್ದ ಪೆಕ್ಟಿನ್ ಮುಂತಾದ ಸಾಮಗ್ರಿ ಗೋಡೆಗೆ, ಚೀಲದ ಪೊರೆಯೇ ಎರಡು ಹೊಸ ಕೋಶಗಳ ಪೊರೆ. ಏನೂ ವೇಸ್ಟ್ ಇಲ್ಲ! ಚೀಲಗಳನ್ನು ಬೆಸೆಯುವ ನೋಲ್ ಎಂಬ ಪ್ರೊಟೀನು ಕೆಟ್ಟ ಅರಾಬಿಡಾಪ್ಸಿಸ್ ಗಿಡದಲ್ಲಿ ಗೋಡೆ ಅರ್ಧಕ್ಕೇ ನಿಲ್ಲುತ್ತೆ, ಒಂದೇ ಕೋಶದಲ್ಲಿ ಹಲವು ನ್ಯೂಕ್ಲಿಯಸ್ ಉಳಿಯುತ್ತವೆ, ಸಸಿ ಸಾಯುತ್ತೆ. ಇದು 1996ರಲ್ಲಿ ಪ್ರಕಟವಾದ ಸಂಶೋಧನೆ. ವೆಸಿಕಲ್ ಸಾಗಣೆಯ ಗುಟ್ಟು ಬಿಡಿಸಿದ ರಾಥ್‌ಮನ್, ಶೆಕ್‌ಮನ್, ಸುಡಾಫ್ ಅವರಿಗೆ 2013ರ ನೊಬೆಲ್ ಬಂತು.

ನಮ್ಮ ಮೈಯ ಕೋಶಗಳು ಗೋಡೆ ಕಟ್ಟೋದಿಲ್ಲ. ನಡು ಬಿಗಿದು ಹರಿದುಕೊಳ್ಳುತ್ತವೆ. ಕೊನೆಯ ಎಳೆ ಕತ್ತರಿಸುವ ಪ್ರೊಟೀನುಗಳನ್ನೇ ಎಚ್‌ಐವಿ ಕೋಶದಿಂದ ಹೊರಬೀಳೋಕೆ ಬಳಸಿಕೊಳ್ಳುತ್ತೆ. ಅದು ಬೇರೆಯದೇ ಕಥೆ.

ಪೆಂಡಿಮೆಥಾಲಿನ್ ಕೈ ಹಾಕೋದು ಆ ಹಳಿಗೆ. ಮೈಕ್ರೋಟ್ಯೂಬ್ಯೂಲ್ ಕಟ್ಟಿಕೊಳ್ಳದಿದ್ದರೆ ವರ್ಣತಂತು ಬೇರೆಯಾಗೋಲ್ಲ, ಚೀಲಗಳಿಗೂ ದಾರಿಯಿಲ್ಲ. ಶ್ರೀನಿವಾಸಪುರದ ಮಾವಿನ ಚಿಗುರಿಗೂ ಹೊಲದ ಕಳೆಗೂ ಈ ಯಂತ್ರ ಒಂದೇ. ಹಾಗಾಗಿ ಬೆಳೆ ಬಚಾವಾಗೋದು ಬಹುಪಾಲು ಬೀಜ ಕೂತ ಆಳದಿಂದ: ಔಷಧಿ ಮೇಲ್ಮಣ್ಣಲ್ಲೇ ಹಿಡಿದು ನಿಲ್ಲುತ್ತೆ, ಕಡ್ಲೆಕಾಯಿ ಬೀಜ ಕೆಳಗಿರುತ್ತೆ.

ಪ್ರಾಣಿಗಳ ಟ್ಯೂಬ್ಯುಲಿನ್‌ಗೆ ಇದು ಅಂಟೋದಿಲ್ಲ. ಕಂಪನಿಗಳ ಪರ ಮಾತಾಡೋರು ಇಷ್ಟು ಹೇಳಿ ನಿಲ್ಲಿಸುತ್ತಾರೆ. ಮೀನಿಗೆ ಇದು ಕಡು ವಿಷ ಅನ್ನೋದನ್ನ ಹೇಳೋಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ. ಅದರ ಬಗ್ಗೆ ನಾವು ಆಡಿದ ಜಗಳದ ಕಾಲು ಭಾಗವೂ ಹೊಲದಿಂದ ಕೆರೆಗೆ ಹರಿಯೋದರ ಬಗ್ಗೆ ಆಗಿಲ್ಲ.

2020ರ ಮೇನಲ್ಲಿ ಕೇಂದ್ರ ಕೃಷಿ ಸಚಿವಾಲಯ ನಿಷೇಧಿಸಲು ಹೊರಟ 27 ಪೀಡೆನಾಶಕಗಳ ಕರಡಿನಲ್ಲಿ ಪೆಂಡಿಮೆಥಾಲಿನ್ ಇತ್ತು. 2023ರ ಆದೇಶದಲ್ಲಿ ಪೂರ್ತಿ ಹೋದದ್ದು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್. ಇದು ಉಳಿಯಿತು. ಕಳೆ ಕೀಳೋಕೆ ಕೂಲಿಯವರು ಸಿಗೋಲ್ಲ ಅನ್ನೋ ರೈತರ ಮಾತೂ ಸುಳ್ಳಲ್ಲ. ಆದರೆ ಯಾವುದನ್ನ ಯಾಕೆ ಉಳಿಸಿದಿರಿ ಅಂತ ಸರ್ಕಾರ ಹೊಲದವರಿಗೆ ಕನ್ನಡದಲ್ಲಿ ಹೇಳಬೇಕಿತ್ತು.

ಅಂಗಡಿಯವರಿಗೆ ಗೋಡೆ, ಹಳಿ ಎಲ್ಲ ಬಿಡಿಸಿ ಹೇಳಿದೆ. 'ಅದಕ್ಕಾ ಕಳೆ ಬೆಳೆದ ಮೇಲೆ ಹೊಡೆದರೆ ಸಾಯಲ್ಲ ಅನ್ನೋದು? ಹೊಡೆದು ದುಡ್ಡು ಹಾಳು ಮಾಡ್ಕೊಂಡು ಬಂದು ನಮ್ಮನ್ನ ಬೈತಾರೆ' ಅಂದರು.