ಪುಟ್ಟ ಮದರ್‌ಬೋರ್ಡಿನ ಚರಿತ್ರೆ: ಹಳೆಯ ಕಂಪ್ಯೂಟರನ್ನು ಮತ್ತೆ ಕಟ್ಟುವವರಿಗೆ

ನಮ್ಮ ಸಂಸ್ಥೆಯ ಕಚೇರಿಯ ಬೀರುವನ್ನು ಶುಚಿಗೊಳಿಸುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಅದರೊಳಗೆ ಇಪ್ಪತ್ತಮೂರು ಫ್ಲಾಪಿಗಳಿದ್ದವು. ಕೆಲವದರ ಮೇಲೆ ಉರ್ದುವಿನಲ್ಲಿ ‘ಸಾಲ್‌ನಾಮಾ’ ಎಂದೂ, ಕೆಲವದರ ಮೇಲೆ ಕನ್ನಡದಲ್ಲಿ ‘ಪ್ರಶ್ನೆಪತ್ರಿಕೆ’ ಎಂದೂ ಬರೆದ ಚೀಟಿಗಳಿದ್ದವು. ಜೊತೆಗೆ, ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಒಂದು ಬದಿಗೆ ಪಿನ್ನುಗಳೂ ಇನ್ನೊಂದು ಬದಿಗೆ ರಂಧ್ರಗಳೂ ಇದ್ದ ಪ್ಲಾಸ್ಟಿಕ್ಕಿನ ತುಂಡೊಂದು. “ಮಾಸ್ಟರ್ ಸಾಬ್, ನೀವು ಎರಡೂ ಭಾಷೆ ಬಲ್ಲವರು. ಇದರಲ್ಲಿ ಏನಿದೆ ನೋಡಿ ಹೇಳಿ” ಎಂದು ಹಿರಿಯ ಸದಸ್ಯರೊಬ್ಬರು ಡಬ್ಬಿಯನ್ನು ನನ್ನ ಕೈಗಿಟ್ಟರು. ಈಗ ನಮ್ಮೊಡನಿಲ್ಲದ ಹಿರಿಯ ಶಿಕ್ಷಕರೊಬ್ಬರು ನಮ್ಮ ಊರುಗಳ ಮದರಸಾ ಮತ್ತು ಶಾಲೆಗಳ ಬಗ್ಗೆ ಬರೆದ ದೀರ್ಘ ಉರ್ದು ಲೇಖನ ಅದರಲ್ಲಿದೆ ಎಂದು ಅವರ ನೆನಪು. ಅಚ್ಚಾದ ಪ್ರತಿಗಳನ್ನು ಗೆದ್ದಲು ತಿಂದು ಬಹುಕಾಲವಾಗಿತ್ತು.

ಫ್ಲಾಪಿ ಓದಲು ಫ್ಲಾಪಿಯ ಕಾಲದ ಕಂಪ್ಯೂಟರ್ ಇದ್ದರೆ ಅನುಕೂಲ. ಅಂತಹದೊಂದನ್ನು ಮತ್ತೆ ಕಟ್ಟಲು ಹೊರಟಾಗ ಮೊದಲು ಎದುರಾದ ಪ್ರಶ್ನೆ, ಯಾವ ಮದರ್‌ಬೋರ್ಡ್ ಆರಿಸಬೇಕು ಎಂಬುದು. ಕಚೇರಿಯ ಮೇಜಿನ ಮೂಲೆಯಲ್ಲಿ ಇಡಬೇಕಾದ್ದರಿಂದ ಅದು ಚಿಕ್ಕದಾಗಿಯೂ ಇರಬೇಕಿತ್ತು. ಉತ್ತರ ಹುಡುಕುತ್ತ ಹೋದ ನನಗೆ ಈ ಹಲಗೆಗೂ ಒಂದು ಚರಿತ್ರೆಯಿದೆ, ಅದನ್ನು ತಿಳಿಯದೆ ಆಯ್ಕೆ ಮಾಡುವುದು ಕತ್ತಲಲ್ಲಿ ತಡಕಾಡಿದಂತೆ ಎಂಬುದು ಮನವರಿಕೆಯಾಯಿತು. ನಮ್ಮ ವಿದ್ಯಾರ್ಥಿಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಹಲಗೆಯ ಕಾಲ

ಕಂಪ್ಯೂಟರಿನ ಪೆಟ್ಟಿಗೆಯನ್ನು ತೆರೆದರೆ ಒಳಗೆ ಕಾಣುವ ಹಸಿರು ಅಥವಾ ಕಂದು ಬಣ್ಣದ ಅಗಲವಾದ ಹಲಗೆಯೇ ಮದರ್‌ಬೋರ್ಡ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಲಿಮಣೆ ಎಲ್ಲವೂ ಒಂದರೊಡನೊಂದು ಮಾತಾಡುವುದು ಇದರ ಮೂಲಕವೇ. ಯಾವ ಕಾಲದ ಯಾವ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಬಹುದು ಎಂಬುದು ಈ ಹಲಗೆಯ ಮೇಲಿರುವ ಕಿಂಡಿಗಳನ್ನು ಅವಲಂಬಿಸಿದೆ.

ಐಬಿಎಂ ಕಂಪನಿ ತನ್ನ ಮೊದಲ ಪಿಸಿಯನ್ನು 1981ರ ಆಗಸ್ಟ್ 12ರಂದು ಪ್ರಕಟಿಸಿತು. ಅದರ ಬೋರ್ಡಿನಲ್ಲಿ ಕಾರ್ಡುಗಳನ್ನು ಸಿಕ್ಕಿಸಲು ಐದು ಸ್ಲಾಟುಗಳಿದ್ದವು. ಪರದೆಗೆ ಒಂದು ಕಾರ್ಡ್, ಫ್ಲಾಪಿಗೆ ಒಂದು ಕಾರ್ಡ್ ಎಂದು ಎಲ್ಲಕ್ಕೂ ಬೇರೆ ಬೇರೆ ಕಾರ್ಡು ಬೇಕಿತ್ತು. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಮಾದರಿಯ ಬೋರ್ಡ್ ಸುಮಾರು ಒಂದು ಅಡಿ ಅಗಲವಿತ್ತು. ಇತರ ತಯಾರಕರು ಇದನ್ನೇ ಅನುಸರಿಸಿ, ಅಗಲವನ್ನು ಸುಮಾರು ಎಂಟೂವರೆ ಇಂಚಿಗೆ ಇಳಿಸಿ ‘ಬೇಬಿ ಎಟಿ’ ಎಂದು ಕರೆದರು. 386, 486 ಮತ್ತು ಮೊದಲ ಪೆಂಟಿಯಂಗಳ ಕಾಲದಲ್ಲಿ ಇದರದೇ ರಾಜ್ಯಭಾರ.

ಅದೇ 1984ರ ನವೆಂಬರಿನಲ್ಲಿ ಭಾರತ ಸರ್ಕಾರ ಹೊಸ ಕಂಪ್ಯೂಟರ್ ನೀತಿಯನ್ನು ಪ್ರಕಟಿಸಿ ಆಮದಿನ ನಿಯಮಗಳನ್ನು ಸಡಿಲಿಸಿತು. ಮುಂದಿನ ವರ್ಷಗಳಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ‘ಅಸೆಂಬಲ್ಡ್’ ಕಂಪ್ಯೂಟರಿನ ಪದ್ಧತಿ ನಮ್ಮಲ್ಲೂ ಬೆಳೆಯಿತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡ್, ಅದರ ಕೇಂದ್ರವಾಯಿತು. ರಾಮನಗರ, ಚನ್ನಪಟ್ಟಣದವರು ರೈಲು ಹತ್ತಿ, ಕನಕಪುರ, ಮಾಗಡಿಯವರು ಬಸ್ಸು ಹಿಡಿದು ಹೋಗಿ ಬಿಡಿಭಾಗ ತರುವುದು ಅಲ್ಲಿಂದಲೇ.

ಹಲಗೆ ಕುಗ್ಗಿದ ಬಗೆ

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಅಳತೆಯನ್ನು ತಂದಿತು. ಇದು 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. ಇದರ ಮುಖ್ಯ ಗುಣವೆಂದರೆ ಕೀಲಿಮಣೆ, ಮೌಸ್, ಪ್ರಿಂಟರುಗಳ ಕಿಂಡಿಗಳೆಲ್ಲ ಬೋರ್ಡಿನ ಹಿಂಬದಿಯಲ್ಲೇ ಒಂದೆಡೆ ಕೂಡಿಬಂದವು. ವಿದ್ಯುತ್ ಜೋಡಣೆಯೂ ಬದಲಾಯಿತು. ಹಳೆಯ ಎಟಿ ಬೋರ್ಡಿಗೆ ಎರಡು ಬಿಡಿ ಪ್ಲಗ್ಗುಗಳನ್ನು, ಕಪ್ಪು ತಂತಿಗಳು ಮಧ್ಯದಲ್ಲಿ ಅಕ್ಕಪಕ್ಕ ಬರುವಂತೆ ಸಿಕ್ಕಿಸಬೇಕಿತ್ತು. ತಪ್ಪಿದರೆ ಬೋರ್ಡ್ ಸುಟ್ಟೇ ಹೋಗುತ್ತಿತ್ತು. ಎಟಿಎಕ್ಸ್‌ನಲ್ಲಿ 20 ಪಿನ್ನಿನ ಒಂದೇ ಪ್ಲಗ್ ಬಂದು ಆ ಅಪಾಯ ತಪ್ಪಿತು.

ಕಾರ್ಡುಗಳ ಕೆಲಸವನ್ನು ಬೋರ್ಡೇ ವಹಿಸಿಕೊಂಡಂತೆ ಸ್ಲಾಟುಗಳ ಅಗತ್ಯ ಕಡಿಮೆಯಾಯಿತು. 1997ರ ಡಿಸೆಂಬರಿನಲ್ಲಿ ಮೈಕ್ರೋ ಎಟಿಎಕ್ಸ್ ಬಂದಿತು. ಗರಿಷ್ಠ ಅಳತೆ 24.4 ಸೆಂ.ಮೀ. ಚೌಕ. 1999ರಲ್ಲಿ ಇನ್ನೂ ಚಿಕ್ಕದಾದ ಫ್ಲೆಕ್ಸ್ ಎಟಿಎಕ್ಸ್ ಬಂದಿತು. 2001ರಲ್ಲಿ ತೈವಾನಿನ ವಿಯಾ ಕಂಪನಿ ಕೇವಲ 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸ್ ಅನ್ನು ಪರಿಚಯಿಸಿತು. ಒಂದು ಅಡಿಯ ಹಲಗೆ ಹದಿನೇಳು ವರ್ಷಗಳಲ್ಲಿ ಅಂಗೈ ಅಗಲಕ್ಕೆ ಬಂದು ನಿಂತಂತಾಯಿತು. ಮೈಕ್ರೋ ಎಟಿಎಕ್ಸ್, ಮಿನಿ ಐಟಿಎಕ್ಸ್‌ಗಳ ಸ್ಕ್ರೂ ರಂಧ್ರಗಳು ಎಟಿಎಕ್ಸ್ ರಂಧ್ರಗಳಿಗೇ ಹೊಂದುವುದರಿಂದ ಚಿಕ್ಕ ಬೋರ್ಡನ್ನು ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರಿಸಬಹುದು.

ಆದರೆ ಹಲಗೆ ಕುಗ್ಗುತ್ತ ಹೋದಂತೆ ಹಳೆಯ ಕಿಂಡಿಗಳೂ ಒಂದೊಂದಾಗಿ ಉದುರಿದವು. ಮೊದಲು ಐಎಸ್‌ಎ ಸ್ಲಾಟ್ ಹೋಯಿತು. ಅದರ ಜಾಗದಲ್ಲಿ 1992ರ ಪಿಸಿಐ ಉಳಿಯಿತು. ನಂತರದ ವರ್ಷಗಳಲ್ಲಿ ಫ್ಲಾಪಿ ಕೇಬಲ್ಲಿನ ಜಾಗ, ಪ್ರಿಂಟರಿನ 25 ರಂಧ್ರಗಳ ಪ್ಯಾರಲಲ್ ಪೋರ್ಟ್, ಐಡಿಇ ಡಿಸ್ಕಿನ ಜಾಗ ಇವೂ ಹೆಚ್ಚಿನ ಬೋರ್ಡುಗಳಿಂದ ಮರೆಯಾದವು. ಹಳೆಯ ಕಂಪ್ಯೂಟರ್ ಕಟ್ಟುವವರಿಗೆ ಮುಖ್ಯವಾದ ಸಂಗತಿ ಇದೇ.

ನಮ್ಮ ಎರಡು ಭಾಷೆಗಳು ಕಂಪ್ಯೂಟರಿಗೆ ಬಂದಾಗ

ಐಬಿಎಂ ಪಿಸಿ ಬಂದ 1981ನೇ ಇಸವಿಯೇ ಉರ್ದು ಮುದ್ರಣಕ್ಕೂ ಸ್ಮರಣೀಯ. ಅಲ್ಲಿಯವರೆಗೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದ ಬರೆಯುತ್ತಿದ್ದರು. ನಸ್ತಾಲೀಖ್ ಲಿಪಿಯಲ್ಲಿ ಅಕ್ಷರಗಳು ಓರೆಯಾಗಿ ಇಳಿಯುತ್ತ ಒಂದರ ಹೆಗಲ ಮೇಲೊಂದು ಕೂರುವುದರಿಂದ ಅಚ್ಚಿನ ಮೊಳೆಗಳಿಗೆ ಅದು ಒಗ್ಗಲಿಲ್ಲ. ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಅವರು ಸುಮಾರು 20,000 ಸಂಯುಕ್ತ ರೂಪಗಳನ್ನು ಬರೆದರು. ಮೊನೋಟೈಪ್ ಕಂಪನಿ ಅವನ್ನು ಯಂತ್ರಕ್ಕಿಳಿಸಿ ನೂರಿ ನಸ್ತಾಲೀಖ್ ಅನ್ನು ಸಿದ್ಧಗೊಳಿಸಿತು. 1981ರಲ್ಲಿ ಜಂಗ್ ಪತ್ರಿಕೆ ಅದರಲ್ಲಿ ಅಚ್ಚಾಯಿತು. 1994ರಲ್ಲಿ ದೆಹಲಿಯಲ್ಲಿ ರೂಪುಗೊಂಡ ಇನ್‌ಪೇಜ್ ತಂತ್ರಾಂಶ ಅದೇ ಲಿಪಿಯನ್ನು ಸಾಮಾನ್ಯ ಪಿಸಿಗೆ ತಂದಿತು. ಆಮೇಲೆ ಸಣ್ಣ ಊರಿನ ಡಿಟಿಪಿ ಅಂಗಡಿಯಲ್ಲೂ ಉರ್ದು ಪುಸ್ತಕ ಸಿದ್ಧವಾಗತೊಡಗಿತು.

ಕನ್ನಡದಲ್ಲಿ 1998ರಲ್ಲಿ ಬರಹ ಬಂದಿತು. ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೇ ಸೇರಿತು. ಆ ಸುಮಾರಿನಲ್ಲೇ ಮಾಹಿತಿ ಸಿಂಧು ಯೋಜನೆಯ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ನನ್ನ ಪೀಳಿಗೆಯವರು ಶಾಲೆಯಲ್ಲಿ ಕಂಪ್ಯೂಟರ್ ಮುಟ್ಟಿದ್ದು ಅದೇ ದಶಕದಲ್ಲಿ.

ಈ ತಂತ್ರಾಂಶಗಳ ಹಳೆಯ ಕಡತಗಳು ಯೂನಿಕೋಡ್ ಪೂರ್ವದವು. ಒಂದೊಂದಕ್ಕೂ ತನ್ನದೇ ಸಂಕೇತ ಪದ್ಧತಿ. ಇಂದು ಪರಿವರ್ತಕಗಳು ಇವೆ, ನಿಜ. ಆದರೆ ಅವು ಪಠ್ಯವನ್ನಷ್ಟೇ ಕೊಡುತ್ತವೆ. ಕವಿತೆಯ ಸಾಲುಗಳ ಜೋಡಣೆ, ಅಡಿಟಿಪ್ಪಣಿ, ಕೋಷ್ಟಕ ಇವೆಲ್ಲ ಚದುರಿಹೋಗಬಹುದು. ಮೂಲ ಪುಟ ಹೇಗಿತ್ತೆಂದು ಕಾಣಬೇಕಾದರೆ ಮೂಲ ತಂತ್ರಾಂಶದಲ್ಲೇ ತೆರೆಯಬೇಕು. ಆ ಕಾಲದ ಹಲವು ಡಿಟಿಪಿ ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗವಿರುತ್ತಿತ್ತು. ಡಾಂಗಲ್ ಎಂದು ಅದರ ಹೆಸರು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಪ್ಲಾಸ್ಟಿಕ್ ತುಂಡು ಅದೇ. ಬೀಗವಿಲ್ಲದೆ ತಂತ್ರಾಂಶ ತೆರೆಯದು. ನಿಜವಾದ ಪ್ಯಾರಲಲ್ ಪೋರ್ಟ್ ಇಲ್ಲದೆ ಬೀಗ ಕೆಲಸ ಮಾಡದು. ಯುಎಸ್‌ಬಿಯಿಂದ ಪ್ರಿಂಟರಿಗೆ ಜೋಡಿಸುವ ಸಾಮಾನ್ಯ ಕೇಬಲ್ ಇದಕ್ಕೆ ಸಾಲದು.

ಯಾವುದನ್ನು ಆರಿಸಬೇಕು?

ಚನ್ನಪಟ್ಟಣದ ಬೊಂಬೆ ಮಾಡುವವರು ಮೊದಲು ಯಾವ ಬೊಂಬೆ ಎಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಮರದ ತುಂಡನ್ನು ಲೇತಿಗೆ ಹಾಕುತ್ತಾರೆ. ಇಲ್ಲೂ ಹಾಗೆಯೇ. ಮೊದಲು ಕೆಲಸವನ್ನು ಬರೆದಿಟ್ಟುಕೊಂಡು ನಂತರ ಬೋರ್ಡ್ ಹುಡುಕಬೇಕು. ನಮ್ಮ ಪಟ್ಟಿಯಲ್ಲಿ ಇದ್ದುದು ನಾಲ್ಕು: ಫ್ಲಾಪಿ ಕೇಬಲ್ಲಿನ ಜಾಗ, ಪ್ಯಾರಲಲ್ ಪೋರ್ಟ್, ಐಡಿಇ ಜಾಗ, ವಿಂಡೋಸ್ 98 ನಡೆಯಲು ಬೇಕಾದ ಡ್ರೈವರುಗಳು.

ಬೇಬಿ ಎಟಿ ಬೋರ್ಡನ್ನು ಮೊದಲೇ ಬಿಟ್ಟೆವು. ಅದಕ್ಕೆ ತಕ್ಕ ಕ್ಯಾಬಿನೆಟ್ಟೂ ಪವರ್ ಸಪ್ಲೈಯೂ ಸಿಗುವುದು ಕಷ್ಟ. 1998ರ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳು ಗಟ್ಟಿತನಕ್ಕೆ ಹೆಸರುವಾಸಿ, ಐಎಸ್‌ಎ ಸ್ಲಾಟೂ ಇರುತ್ತದೆ. ಹಳೆಯ ಡಾಸ್ ಆಟಗಳನ್ನು ಆ ಕಾಲದ ಸೌಂಡ್ ಕಾರ್ಡಿನಲ್ಲೇ ಕೇಳಬೇಕೆನ್ನುವವರಿಗೆ ಅದು ಸರಿ. ನಮಗೆ ಐಎಸ್‌ಎಯ ಅಗತ್ಯವಿರಲಿಲ್ಲ. ಮಿನಿ ಐಟಿಎಕ್ಸ್ ನೋಡಲು ಮುದ್ದಾಗಿದೆ, ವಿದ್ಯುತ್ತೂ ಕಡಿಮೆ ಸಾಕು. ಆದರೆ ವಿಯಾದ ಬೋರ್ಡುಗಳಲ್ಲಿ ಪ್ರೊಸೆಸರನ್ನು ಬೆಸುಗೆ ಹಾಕಿಯೇ ಕೊಡುತ್ತಿದ್ದರು, ಬದಲಾಯಿಸುವಂತಿಲ್ಲ. ಸ್ಲಾಟ್ ಒಂದೇ. ಫ್ಲಾಪಿಯ ಜಾಗ, ಪ್ರಿಂಟರ್ ಪೋರ್ಟ್ ಇವೆಯೇ ಎಂದು ಪ್ರತಿಯೊಂದು ಮಾದರಿಯಲ್ಲೂ ಬೇರೆಯಾಗಿ ನೋಡಬೇಕು.

ಉಳಿದದ್ದು ಮೈಕ್ರೋ ಎಟಿಎಕ್ಸ್. 2000ದ ಇಂಟೆಲ್ 815ರಿಂದ 2003ರ 865ರವರೆಗಿನ ಬೋರ್ಡುಗಳಲ್ಲಿ ನಮ್ಮ ನಾಲ್ಕೂ ಬೇಡಿಕೆಗಳು ಸಾಮಾನ್ಯವಾಗಿ ಪೂರೈಸುತ್ತವೆ. 2004ರ 915 ಪೀಳಿಗೆಯಿಂದ ಮುಂದೆ ಇಂಟೆಲ್ ವಿಂಡೋಸ್ 98ಕ್ಕೆ ಬೆಂಬಲ ಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಆ ಗೆರೆ ದಾಟಬಾರದು. ಕಚೇರಿ, ಬ್ಯಾಂಕುಗಳಿಂದ ಹೊರಬಿದ್ದ ಹಳೆಯ ಯಂತ್ರಗಳಲ್ಲಿ ಇವೇ ಹೆಚ್ಚು ಇದ್ದುದರಿಂದ ಬಿಡಿಭಾಗಗಳೂ ಸಿಗುತ್ತವೆ. ಇಲ್ಲಿ ಇನ್ನೆರಡು ಎಚ್ಚರಿಕೆಗಳು. 512 ಎಂಬಿಗಿಂತ ಹೆಚ್ಚು ಮೆಮೊರಿ ಹಾಕಿದರೆ ವಿಂಡೋಸ್ 98 ತಕರಾರು ಮಾಡುತ್ತದೆ. 256 ಎಂಬಿ ಧಾರಾಳ. ಪೆಂಟಿಯಂ 4ರಲ್ಲಿ 2004ರ ‘ಪ್ರೆಸ್ಕಾಟ್’ ಮಾದರಿ ಚಿಕ್ಕ ಕ್ಯಾಬಿನೆಟ್ಟಿಗೆ ಬಹಳ ಬಿಸಿ. ಅದಕ್ಕಿಂತ ಹಿಂದಿನದು ಲೇಸು.

ಹಳೆಯ ಹಾರ್ಡ್ ಡಿಸ್ಕನ್ನು ನಂಬುವ ಬದಲು ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು ಒಂದು ಚಿಕ್ಕ ಅಡಾಪ್ಟರಿನ ಮೂಲಕ ಐಡಿಇ ಜಾಗಕ್ಕೆ ಸಿಕ್ಕಿಸಬಹುದು. ಅದು ಐಡಿಇ ಡಿಸ್ಕಿನಂತೆಯೇ ವರ್ತಿಸುತ್ತದೆ, ಸದ್ದಿಲ್ಲ, ಶಾಖವೂ ಇಲ್ಲ.

ನಾನು ಮೋಸಹೋದ ಬಗೆ

ಇಷ್ಟೆಲ್ಲ ತಿಳಿದೂ ನಾನು ಮೊದಲ ಸಲ ಎಡವಿದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಧೂಳು ಒರೆಸಿ ಫಳಫಳ ಹೊಳೆಯುತ್ತಿದ್ದ ಬೋರ್ಡೊಂದನ್ನು ಕಂಡು, ಅಲ್ಲೇ ಪರದೆಯ ಮೇಲೆ ಅಕ್ಷರ ಮೂಡಿದ್ದನ್ನು ನೋಡಿ ಕೊಂಡುತಂದೆ. ಹತ್ತು ದಿನಗಳಲ್ಲಿ ಕಂಪ್ಯೂಟರ್ ತಾನಾಗಿಯೇ ನಿಂತು ಮತ್ತೆ ಶುರುವಾಗತೊಡಗಿತು. ಬೋರ್ಡನ್ನು ಬಿಚ್ಚಿ ನೋಡಿದರೆ ಪ್ರೊಸೆಸರಿನ ಪಕ್ಕದ ಮೂರು ಕೆಪಾಸಿಟರುಗಳ ತಲೆ ಉಬ್ಬಿತ್ತು. 1999ರ ನಂತರದ ಕೆಲವು ವರ್ಷಗಳಲ್ಲಿ ಹಲವು ಕಂಪನಿಗಳ ಬೋರ್ಡುಗಳಿಗೆ ಕಳಪೆ ಕೆಪಾಸಿಟರುಗಳು ಸೇರಿ ಜಗತ್ತಿನಾದ್ಯಂತ ಈ ತೊಂದರೆ ಕಾಣಿಸಿಕೊಂಡಿತ್ತು. ರೇಷ್ಮೆ ಗೂಡಿನ ಹೊಳಪು ನೋಡಿ ನೂಲಿನ ಉದ್ದ ಹೇಳಲಾಗದು ಎಂಬುದು ರಾಮನಗರದವನಾದ ನನಗೆ ತಿಳಿದಿರಬೇಕಿತ್ತು!

ಆದ್ದರಿಂದ ಕೊಳ್ಳುವಾಗ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿದೆಯೇ, ಬುಡದಲ್ಲಿ ಕಂದು ಕಲೆ ಇದೆಯೇ ನೋಡಿರಿ. ಬೋರ್ಡಿನ ಹಿಂಬದಿಯ ಕಿಂಡಿಗಳಿಗೆ ಹೊಂದುವ ತಗಡಿನ ಪಟ್ಟಿಯನ್ನು ಕೇಳಿ ಪಡೆಯಿರಿ. ಹಳೆಯ ಬ್ಯಾಟರಿಯನ್ನು ತೆಗೆದು ಹೊಸ ಸಿಆರ್2032 ಹಾಕಿರಿ. ಫ್ಲಾಪಿ ಡ್ರೈವ್ ಜೋಡಿಸಿ, ಒಂದು ಫ್ಲಾಪಿ ಓದಿಸಿಯೇ ಹಣ ಕೊಡಿರಿ.

ಫಲ

ಎರಡನೆಯ ಬೋರ್ಡ್ 845 ಚಿಪ್‌ಸೆಟ್ಟಿನ ಮೈಕ್ರೋ ಎಟಿಎಕ್ಸ್. ಅದು ಇಂದಿಗೂ ನಡೆಯುತ್ತಿದೆ. ಇಪ್ಪತ್ತಮೂರು ಫ್ಲಾಪಿಗಳಲ್ಲಿ ಹದಿನಾರು ತೆರೆದುಕೊಂಡವು. ಹಿರಿಯ ಶಿಕ್ಷಕರ ಲೇಖನ ಎರಡು ಫ್ಲಾಪಿಗಳಲ್ಲಿತ್ತು. ಮೊದಲನೆಯದು ಪೂರ್ತಿಯಾಗಿ ಸಿಕ್ಕಿತು. ಎರಡನೆಯದಕ್ಕೆ ಬೂಷ್ಟು ಹಿಡಿದಿತ್ತು. ಎಷ್ಟು ಪ್ರಯತ್ನಿಸಿದರೂ ಓದಲಿಲ್ಲ. ಅರ್ಧ ಲೇಖನವನ್ನು ಪರದೆಯ ಮೇಲೆ ನಸ್ತಾಲೀಖಿನಲ್ಲಿ ಕಂಡ ಆ ಹಿರಿಯ ಸದಸ್ಯರು ಬಹಳ ಹೊತ್ತು ಓದುತ್ತ ಕುಳಿತರು. ನಂತರ ಹೇಳಿದ್ದು ಒಂದೇ ಮಾತು: “ಐದು ವರ್ಷ ಮೊದಲೇ ಕೊಡಬೇಕಿತ್ತು, ಮಾಸ್ಟರ್ ಸಾಬ್.”

ಫ್ಲಾಪಿಯ ದೊಡ್ಡ ತಯಾರಕರಾದ ಸೋನಿ ಕಂಪನಿಯೇ 2011ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಇರುವ ಫ್ಲಾಪಿಗಳ ಆಯುಷ್ಯವೂ ದಿನದಿನಕ್ಕೆ ಸವೆಯುತ್ತಿದೆ. ನಮ್ಮ ನಾಲ್ಕು ಊರುಗಳ ಶಾಲೆ, ಮಸೀದಿ ಕಮಿಟಿ, ಸಂಘಗಳ ಬೀರುಗಳಲ್ಲಿ ಇಂತಹ ಡಬ್ಬಿಗಳು ಇನ್ನೂ ಇರಬಹುದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಅದರ ಬೋರ್ಡಿನಲ್ಲಿ ಪ್ರಿಂಟರ್ ಪೋರ್ಟ್, ಫ್ಲಾಪಿಯ ಜಾಗ ಇವೆಯೇ ಎಂದು ಒಮ್ಮೆ ನೋಡಿರಿ. ಇದ್ದರೆ ಒಂದನ್ನಾದರೂ ಉಳಿಸಿಕೊಳ್ಳಿರಿ. ನಿಜವಾಗಿ ಕೆಟ್ಟುಹೋದುದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಒಪ್ಪಿಸಿರಿ. ಬೋರ್ಡಿನ ಬೆಸುಗೆಯಲ್ಲಿರುವ ಸೀಸ ಮಣ್ಣಿಗೂ ನೀರಿಗೂ ವಿಷ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ರಜೆಯಲ್ಲಿ ನಿಮ್ಮ ಶಾಲೆಯ ಹಳೆಯ ಫ್ಲಾಪಿಗಳ ಪಟ್ಟಿ ಮಾಡಿರಿ. ನಮ್ಮ ಕಚೇರಿಯ ಪುಟ್ಟ ಕಂಪ್ಯೂಟರ್ ನಿಮ್ಮದೇ. ತಂದುಕೊಟ್ಟರೆ ಒಟ್ಟಿಗೆ ಕುಳಿತು ಓದಿಸೋಣ, ಪ್ರತಿ ಪುಟವನ್ನೂ ಚಿತ್ರವಾಗಿಯೂ ಯೂನಿಕೋಡ್ ಪಠ್ಯವಾಗಿಯೂ ಎರಡೆರಡು ಕಡೆ ಉಳಿಸೋಣ. ಹಿರಿಯರು ಬರೆದಿಟ್ಟುದರಲ್ಲಿ ಉಳಿದ ಅರ್ಧವಾದರೂ ನಿಮ್ಮ ಕೈ ಸೇರಲಿ.